ನೀವು ಕೀಲಿಮಣೆ ಮುಟ್ಟಬೇಡಿ, ಮಕ್ಕಳೇ ಹುಡುಕಲಿ

ಪ್ರಾಥಮಿಕ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವ ಶಿಕ್ಷಕಿಯೊಬ್ಬರ ಪತ್ರ ಇದು: "ಡಿಜಿಟಲ್ ವಿಶ್ವಕೋಶಕ್ಕೆ ಚಂದಾ ಕಟ್ಟಲು ಆಡಳಿತ ಮಂಡಳಿ ಒಪ್ಪಿದೆ. ಮೂರು ಕಂಪನಿಯವರು ಬಂದು ತೋರಿಸಿಹೋದರು. ಮೂರೂ ಚೆನ್ನಾಗಿಯೇ ಕಂಡವು. ಗೂಗಲ್, ಎಐ ಎಲ್ಲ ಪುಕ್ಕಟೆ ಇರುವಾಗ ಇದಕ್ಕೇಕೆ ದುಡ್ಡು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಯಾವುದನ್ನು ಆರಿಸಲಿ?"

ಮೇಡಂ, ಮಾರುವವರು ತೋರಿಸುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಏನನ್ನು ಹುಡುಕಬೇಕೆಂದು ಗೊತ್ತುಮಾಡುವವರು ಅವರೇ ತಾನೆ? ಮಕ್ಕಳು ಹಾಗೆ ಹುಡುಕುವುದಿಲ್ಲ.

ಒಮ್ಮೆ ಮೂರನೇ ತರಗತಿಯ ಹುಡುಗಿಯೊಬ್ಬಳ ಪಕ್ಕ ಕುಳಿತಿದ್ದೆ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ 'ತಿಮಿಂಗಲ ಮೀನು' ಎಂದು ಒತ್ತಿದಳು. 'ಯಾವುದೇ ಮಾಹಿತಿ ದೊರೆಯಲಿಲ್ಲ' ಎಂದು ಪರದೆಯ ಮೇಲೆ ಬಂತು. "ಇದರಲ್ಲಿ ತಿಮಿಂಗಿಲ ಇಲ್ವಂತೆ" ಎಂದು ಎದ್ದೇಹೋದಳು. ಇತ್ತು. 'ಗಿ' ಇರಬೇಕಾದಲ್ಲಿ 'ಗ' ಇತ್ತು, ಜೊತೆಗೊಂದು 'ಮೀನು' ಸೇರಿಕೊಂಡಿತ್ತು, ಅಷ್ಟೇ. ಅದು ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದು ಅವಳು ಕಲಿಯಬೇಕಿದ್ದದ್ದೇ ಆ ಗಳಿಗೆಯಲ್ಲಿ. ಆ ಮಗು ಬರಿಗೈಯಲ್ಲಿ ಹೋದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಣ ಕಟ್ಟುವ ಮೊದಲು ಒಂದು ತಿಂಗಳು ಬಳಸಿ ನೋಡಲು ಕೇಳಿ. ಮಕ್ಕಳು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ, ಕಾಗುಣಿತದ ತಪ್ಪು ಸಮೇತ ಬರೆದಿಡಿ. ಅವನ್ನೇ ಮೂರರಲ್ಲೂ ಮಕ್ಕಳ ಕೈಯಲ್ಲಿ ಹುಡುಕಿಸಿ. ನೀವು ಕೀಲಿಮಣೆ ಮುಟ್ಟಬೇಡಿ. ಮಗು ಎಲ್ಲಿ ತಡವರಿಸುತ್ತದೆ ಎಂಬುದನ್ನಷ್ಟೇ ನೋಡಿ.

ಸಿಕ್ಕ ಲೇಖನವನ್ನು ಗಟ್ಟಿಯಾಗಿ ಓದಿಸಿ. ಮೊದಲ ನಾಲ್ಕು ಸಾಲಿನಲ್ಲೇ ಮೂರ್ನಾಲ್ಕು ಕಡೆ ಎಡವಿದರೆ ಅದು ಆ ವಯಸ್ಸಿನ ಬರಹವಲ್ಲ, ಚಿತ್ರ ಎಷ್ಟೇ ಚೆಂದವಿರಲಿ. ಬ್ರಿಟಾನಿಕಾ ವಿಶ್ವಕೋಶದ ಶಾಲಾ ಆವೃತ್ತಿಯಲ್ಲಿ ಮೂರು ಹಂತಗಳಿವೆ; ಒಂದೇ ವಿಷಯವನ್ನು ಸುಲಭವಾಗಿಯೂ ವಿವರವಾಗಿಯೂ ಓದಬಹುದು. ಒಂದೇ ತರಗತಿಯಲ್ಲಿ ಸರಾಗವಾಗಿ ಓದುವವರೂ ಅಕ್ಷರ ಕೂಡಿಸುವವರೂ ಇರುತ್ತಾರಲ್ಲ, ಈ ಸೌಲಭ್ಯ ನನಗೆ ಬಹಳ ಮುಖ್ಯ. ಓದಿ ಹೇಳುವ ಬಟನ್ ಇದ್ದರೂ ಅದರ ದನಿಯನ್ನು ನೀವೇ ಒಮ್ಮೆ ಕೇಳಿ ನೋಡಿ.

ಮಾಹಿತಿ ಹಳತೋ ಹೊಸತೋ ತಿಳಿಯಲು ಶನಿಗ್ರಹದ ಪುಟ ತೆರೆಯಿರಿ. 2025ರ ಮಾರ್ಚ್‌ನಲ್ಲಿ 128 ಹೊಸ ಉಪಗ್ರಹಗಳು ಮಾನ್ಯವಾಗಿ ಒಟ್ಟು ಸಂಖ್ಯೆ 274ಕ್ಕೆ ಏರಿತು. ಅಲ್ಲಿ ಇನ್ನೂ 62 ಎಂದೇ ಇದ್ದರೆ, ಆ ಪುಟವನ್ನು ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ ಎಂದರ್ಥ.

ಇನ್ನು ಪುಕ್ಕಟೆ ಸಿಗುವವುಗಳ ಮಾತು. ವಿಕಿಪೀಡಿಯ ದೊಡ್ಡವರಿಗಾಗಿ ಬರೆದದ್ದು. ಮಕ್ಕಳಿಗೆಂದೇ 2006ರಲ್ಲಿ ಫ್ರೆಂಚ್‌ನಲ್ಲಿ ಶುರುವಾದ ವಿಕಿಡಿಯಾ ಎಂಬ ಪುಕ್ಕಟೆ ವಿಶ್ವಕೋಶದಂಥದ್ದು ನಮ್ಮ ಭಾಷೆಯಲ್ಲೂ ಇರಬೇಕು ಎಂಬುದು ನನ್ನ ಬಹುದಿನದ ಆಸೆ. ಇಂಟರ್ನೆಟ್ ಕೈಕೊಡುವ ಶಾಲೆಯಾದರೆ ಕಿವಿಕ್ಸ್ ಎಂಬ ತಂತ್ರಾಂಶ ನೋಡಿ. ವಿಕಿಪೀಡಿಯವನ್ನೇ ಕಂಪ್ಯೂಟರಿಗೆ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಎಐ ಮಾತ್ರ ಈ ವಯಸ್ಸಿಗೆ ಆಕರವಾಗಲಾರದು. ಅದು ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುತ್ತದೆ, ಎಂಟು ವರ್ಷದ ಮಗುವಿಗೆ ಎರಡರ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ವಿಶ್ವಕೋಶದಲ್ಲಿ ಲೇಖನದ ಹೊಣೆ ಹೊರುವವರು ಇರುತ್ತಾರೆ. ನೀವು ದುಡ್ಡು ಕೊಡುವುದು ಅದಕ್ಕೆ.

ಸಹಿ ಹಾಕುವ ಮೊದಲು ಕೇಳಬೇಕಾದ್ದು ಇನ್ನಷ್ಟಿದೆ. ಇಡೀ ತರಗತಿ ಒಟ್ಟಿಗೆ ತೆರೆಯಬಹುದೇ? ಜಾಹೀರಾತು ಬರುತ್ತದೆಯೇ? ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಕೇಳುತ್ತಾರೆಯೇ? ಕೇಳಿದರೆ ಒಪ್ಪಬೇಡಿ, ಶಾಲೆಗೊಂದೇ ಲಾಗಿನ್ ಸಾಕು. ಚಂದಾ ನಿಂತ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. 1993ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಡಿಜಿಟಲ್ ವಿಶ್ವಕೋಶ ಎನ್‌ಕಾರ್ಟಾ 2009ರಲ್ಲಿ ನಿಂತೇ ಹೋಯಿತು. ಆದ್ದರಿಂದ ಕಪಾಟಿನ ಅಟ್ಲಾಸ್, ನಿಘಂಟುಗಳನ್ನು ತೆಗೆದುಹಾಕಬೇಡಿ.

ಮೂರರಲ್ಲಿ ಒಂದೂ ಮಕ್ಕಳಿಗೆ ಒಗ್ಗದಿದ್ದರೆ ಈ ವರ್ಷ ಯಾವುದೂ ಬೇಡವೆಂದು ಮಂಡಳಿಗೆ ಧೈರ್ಯವಾಗಿ ಹೇಳಿ. ಮಕ್ಕಳ ಆ ಪ್ರಶ್ನೆಗಳ ಪಟ್ಟಿಯನ್ನು ಮಾತ್ರ ನನಗೂ ಒಂದು ಪ್ರತಿ ಕಳಿಸಿ.

— ಸಂಪಾದಕ