ಮಸಾಜ್ ಗನ್ ಬೇಕಾ, ರೋಲರ್ ಸಾಕಾ? ಮೈಕೈ ನೋವಿನ ಪ್ರಶ್ನೆಗಳಿಗೆ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಮನೆ ಬನಶಂಕರಿ, ಕೆಲಸ ವೈಟ್‌ಫೀಲ್ಡ್. ಈ ಸಲ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ವರ್ಲ್ಡ್ 10ಕೆ ಓಡಲೇಬೇಕು ಅಂತ ಬೆಳಗ್ಗೆ ಓಡೋಕೆ ಶುರು ಮಾಡಿದ್ದೇನೆ. ಓಡಿದ ಮರುದಿನ ಹೇಗೋ ನಡೆಯುತ್ತೇನೆ, ಅದರ ಮಾರನೇ ದಿನ ಮೆಟ್ಟಿಲು ಇಳಿಯೋಕೇ ಆಗಲ್ಲ. ನಮ್ಮ ಯಜಮಾನರು ಮೈಯನ್ನು ಪಟಪಟ ಕುಟ್ಟುವ ಕೈಯಂತ್ರ ಇದೆಯಲ್ಲ, ಆ 9 ಸಾವಿರದ ಮಸಾಜ್ ಗನ್ ತರ್ತೀನಿ ಅಂತಿದ್ದಾರೆ. ಜೊತೆಗೆ ಓಡುವ ಗೆಳತಿ ಮುಳ್ಳುಮುಳ್ಳಾಗಿರೋ ಗಟ್ಟಿ ಫೋಮ್ ರೋಲರ್ (ಸ್ನಾಯು ಒತ್ತಿಕೊಳ್ಳೋ ದುಂಡನೆ ಉರುಳೆ) ಕೊಟ್ಟಿದ್ದಾಳೆ. ಅದರ ಮೇಲೆ ಉರುಳಿದರೆ ಕಣ್ಣಲ್ಲಿ ನೀರು ಬರುತ್ತೆ. ‘ನೋವಾದ್ರೇನೇ ಗಂಟು ಒಡೆಯೋದು’ ಅಂತಾಳೆ. ಹೌದಾ?

ಉತ್ತರ: ಮೊದಲು ಆ 9 ಸಾವಿರ ಉಳಿಸಿಕೊಳ್ಳಿ. ಓಡೋಕೆ ಒಳ್ಳೆ ಶೂ ಇಲ್ಲದಿದ್ದರೆ ಅದಕ್ಕೆ ಹಾಕಿ.

ನಿಮ್ಮ ನೋವು ರೂಢಿಯಿಲ್ಲದ ಕೆಲಸ ಮಾಡಿದ ಸ್ನಾಯುವಿನ ನೋವು. 24ರಿಂದ 72 ಗಂಟೆ ಒಳಗೆ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಸ್ನಾಯು ಹಿಗ್ಗುತ್ತಲೇ ಭಾರ ಹೊತ್ತಾಗ ಇದು ಜಾಸ್ತಿ. ಅದಕ್ಕೇ ಏರು ಹತ್ತಿದ್ದಕ್ಕಿಂತ ಇಳಿಜಾರು ಓಡಿದ್ದೇ ಮಾರನೇ ದಿನ ತೊಡೆಗೆ ಹೆಚ್ಚು ಕಾಡೋದು. ನಂದಿಬೆಟ್ಟವನ್ನು ನಡೆದು ಇಳಿದವರನ್ನು ಕೇಳಿ ನೋಡಿ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಅಂತ ಜಿಮ್‌ನಲ್ಲಿ ಹೇಳ್ತಾರಲ್ವಾ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಓಡುವಾಗ ಸ್ನಾಯುವಿನಲ್ಲಿ ಹುಟ್ಟುವ ಆ ವಸ್ತು ಓಡಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಇಳಿದುಹೋಗಿರುತ್ತದೆ.

ಇನ್ನು ಗಂಟಿನ ವಿಷಯ. ರೋಲರ್ ಆಗಲಿ, ಗನ್ ಆಗಲಿ, ಒಳಗೆ ಯಾವುದನ್ನೂ ಒಡೆಯುವುದಿಲ್ಲ. ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮಂಡಿವರೆಗೆ ಒಂದು ದಪ್ಪ ಪಟ್ಟಿ ಇದೆ, ಓಟಗಾರರು ಐಟಿ ಬ್ಯಾಂಡ್ ಅಂತಾರೆ. ಅದನ್ನು ಕೈಯಿಂದಲೋ ರೋಲರ್‌ನಿಂದಲೋ ಉದ್ದ ಮಾಡೋದು ಆಗದ ಮಾತು, ಅಷ್ಟು ಗಟ್ಟಿ. ಒತ್ತಿದಾಗ ಆಗೋದು ಬೇರೆ. ಆ ಜಾಗದ ನರಗಳು ಮೆದುಳಿಗೆ ಕಳಿಸುವ ಸುದ್ದಿ ಬದಲಾಗುತ್ತದೆ, ನೋವು ತಡೆಯುವ ಶಕ್ತಿ ಸ್ವಲ್ಪ ಹೊತ್ತು ಹೆಚ್ಚುತ್ತದೆ, ಬಿಗಿ ಸಡಿಲ ಆದಂತೆ ಅನಿಸುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ನೀವು ಎದ್ದು ಓಡಾಡಬಹುದು. ಅಷ್ಟೇ ಲಾಭ, ಅದೇನು ಕಡಿಮೆಯಲ್ಲ. 2019ರಲ್ಲಿ ಫೋಮ್ ರೋಲಿಂಗ್ ಬಗ್ಗೆ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಪರಿಣಾಮ ಇದೆ, ಆದರೆ ಚಿಕ್ಕದು. ಓಡಿದ ಮೇಲಿನ ಚೇತರಿಕೆಗಿಂತ ಓಡುವ ಮುಂಚಿನ ವಾರ್ಮ್‌ಅಪ್‌ಗೇ ಇದು ಹೆಚ್ಚು ಹೊಂದುತ್ತದೆ ಅಂತ ಬಂತು. ರೋಲರ್ ಮಾರುವವರು ಈ ಎರಡನೇ ಭಾಗ ಹೇಳುವುದಿಲ್ಲ!

ಹಾಗಾಗಿ ಅಳುವಷ್ಟು ಒತ್ತಬೇಡಿ. ನೋವಾದರೆ ಸ್ನಾಯು ಇನ್ನೂ ಬಿಗಿ ಹಿಡಿಯುತ್ತದೆ. ಮುಳ್ಳಿನ ರೋಲರ್ ಗೆಳತಿಗೆ ವಾಪಸ್ ಕೊಟ್ಟು ನಯವಾದದ್ದು, ಮಧ್ಯಮ ಗಟ್ಟಿಯದು ತಗೊಳ್ಳಿ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ: ಸ್ವಲ್ಪ ತಗ್ಗಿ ಕೂಡಲೇ ಮೇಲೆ ಬರಬೇಕು. ತಗ್ಗಿದ್ದು ಹಾಗೇ ಉಳಿದರೆ ನಾಲ್ಕು ದಿನಕ್ಕೇ ಚಪ್ಪಟೆಯಾಗುತ್ತದೆ. ಕಾಲಿಗೆ ಮಾತ್ರ ಆದರೆ ಒಂದಡಿ ಉದ್ದ ಸಾಕು, ಬ್ಯಾಗಲ್ಲೂ ಹಿಡಿಯುತ್ತದೆ. ಬೆನ್ನಿಗೂ ಬೇಕು ಅಂದರೆ ಮೂರಡಿಯದು, ಅದನ್ನು ಮನೆಯಲ್ಲಿ ಎಲ್ಲಿಡ್ತೀರಿ ಅಂತ ಮೊದಲು ಯೋಚಿಸಿ.

ಮೀನಖಂಡಕ್ಕೆ ಹೀಗೆ ಮಾಡಿ. ನೆಲದ ಮೇಲೆ ಕೂತು ಒಂದು ಕಾಲು ರೋಲರ್ ಮೇಲೆ, ಇನ್ನೊಂದು ಪಾದ ನೆಲದ ಮೇಲೆ ಊರಿ. ಎಷ್ಟು ಭಾರ ಬೀಳಬೇಕು ಅನ್ನೋದು ಆ ಊರಿದ ಕಾಲಿನ ಕೈಯಲ್ಲಿದೆ. ಹಿಮ್ಮಡಿಯ ಮೇಲಿನಿಂದ ಮಂಡಿಯ ಹಿಂದಿನ ಗುಳಿಗೆ ನಾಲ್ಕು ಬೆರಳು ಕೆಳಗೆ ಇರುವವರೆಗೆ ನಿಧಾನವಾಗಿ ಉರುಳಿಸಿ. ಗುಳಿಯ ಮೇಲೆ ಬೇಡ, ಅಲ್ಲಿ ರಕ್ತನಾಳ, ನರ ಎರಡೂ ಮೇಲೇ ಇವೆ. ನೋವಿಗೆ 10ಕ್ಕೆ ಎಷ್ಟು ಅಂಕ ಅಂದರೆ ಐದರ ಮೇಲೆ ಹೋಗಬಾರದು. ಉಸಿರು ಬಿಗಿ ಹಿಡಿದಿದ್ದೀರಿ ಅಂತ ಗೊತ್ತಾದರೆ ಒತ್ತಡ ಜಾಸ್ತಿ ಆಯ್ತು ಅಂತ ಅರ್ಥ. ಒಂದೊಂದು ಕಾಲಿಗೆ ಒಂದರಿಂದ ಎರಡು ನಿಮಿಷ. ಆಮೇಲೆ ಎದ್ದು ಹತ್ತು ನಿಮಿಷ ಮನೆ ಸುತ್ತ ನಡೆಯಿರಿ. ರೋಲರ್ ಬರುವ ತನಕ ಅಡುಗೆಮನೆಯ ಲಟ್ಟಣಿಗೆ ಸಾಕು, ಸುಮ್ನೆ ಹೇಳ್ತಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಚಪಾತಿ ಲಟ್ಟಿಸಿದಂತೆ ಉರುಳಿಸಿ.

ಒಂದು ಎಚ್ಚರಿಕೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ರೋಲರ್ ಮುಟ್ಟಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ತುಂಬಾ ದಣಿದ ಮೇಲೆ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೂ ಅಷ್ಟೇ.

ಪ್ರಶ್ನೆ: ನಮ್ಮ ತಂದೆಗೆ 67. ಶುಗರ್ ಇದೆ, ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ತಮ್ಮ ಅವರಿಗೆ ಮಸಾಜ್ ಗನ್ ಉಡುಗೊರೆ ಕೊಟ್ಟಿದ್ದಾನೆ. ಅವರಿಗೆ ತುಂಬಾ ಹಿಡಿಸಿಬಿಟ್ಟಿದೆ, ಟಿವಿ ನೋಡ್ತಾ ಕುತ್ತಿಗೆಗೆ, ಪಾದಕ್ಕೆ ಇಟ್ಕೊಂಡು ಕೂತಿರ್ತಾರೆ. ತೊಂದರೆ ಇಲ್ವಾ? – ಮಲ್ಲೇಶ್ವರದ ಓದುಗರು

ಉತ್ತರ: ತೊಂದರೆ ಇದೆ. ಇವತ್ತೇ ನಿಲ್ಲಿಸಿ.

ಕುತ್ತಿಗೆಯ ಮುಂದೆ, ಅಕ್ಕಪಕ್ಕ ಮೆದುಳಿಗೆ ಹೋಗುವ ದೊಡ್ಡ ರಕ್ತನಾಳಗಳಿವೆ. ಗನ್ ಒಂದು ನಿಮಿಷಕ್ಕೆ ಸಾವಿರಾರು ಸಲ ಕುಟ್ಟುವ ಯಂತ್ರ. ಯಾವ ವಯಸ್ಸಿನವರೂ ಅದನ್ನು ಅಲ್ಲಿ ಇಡಬಾರದು, ಸ್ಟೆಂಟ್ ಇರುವವರಂತೂ ಬೇಡವೇ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಇಳಿದು ನೀಲಿಗಟ್ಟುತ್ತದೆ. ಇನ್ನು ಶುಗರ್ ಹಳೆಯದಾದರೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಆಗ ಜಾಸ್ತಿ ಆಯ್ತು ಅಂತ ಹೇಳಬೇಕಾದ ನೋವೇ ಅವರಿಗೆ ಬರುವುದಿಲ್ಲ.

ಅಪ್ಪ ಬೇಜಾರು ಮಾಡ್ಕೋತಾರೆ, ಗೊತ್ತು. ಹೆಗಲಿಗೆ ಬಿಸಿನೀರಿನ ಬಟ್ಟೆ ಇಡಿ. ಎಷ್ಟು ಬಿಸಿ ಅನ್ನೋದನ್ನು ನಿಮ್ಮ ಕೈಯಲ್ಲಿ ನೋಡಿ, ಅವರ ಕಾಲಲ್ಲಿ ಅಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ತಿಕ್ಕಿ. ಗನ್ ನಿಮ್ಮ ತಮ್ಮನೇ ವಾಪಸ್ ಇಟ್ಟುಕೊಂಡು ತೊಡೆಗೆ, ಮೀನಖಂಡಕ್ಕೆ ಬಳಸಲಿ. ಆರೋಗ್ಯವಂತರಿಗೂ ಮೊದಲ ಸ್ಪೀಡೇ ಸಾಕು. ಮೆತ್ತನೆಯ ದುಂಡು ಹೆಡ್ ಹಾಕಿ, ಒತ್ತದೆ ಸುಮ್ನೆ ಚರ್ಮದ ಮೇಲೆ ಜಾರಿಸಿ. ಬೆನ್ನುಮೂಳೆ, ಮಂಡಿ ಚಿಪ್ಪು, ಪಕ್ಕೆಲುಬು, ಕೆಳಬೆನ್ನಿನ ಅಕ್ಕಪಕ್ಕ, ಉಬ್ಬಿದ ನರ ಇರುವ ಕಾಲು, ಇವೆಲ್ಲ ಬಿಟ್ಟು. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಇದರ ಹತ್ತಿರ ಹೋಗುವುದು ಬೇಡ.

ಪ್ರಶ್ನೆ: ಕ್ಯಾಬ್ ಓಡಿಸ್ತೀನಿ. ಹೆಬ್ಬಾಳ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಕೂತು ಕೂತು ರಾತ್ರಿ ಹೊತ್ತಿಗೆ ಬಲಗಡೆ ಕುಂಡಿ, ಸೊಂಟ ಹಿಡ್ಕೊಂಡಿರುತ್ತೆ. ಕಡಿಮೆ ಖರ್ಚಲ್ಲಿ ಏನಾದ್ರೂ ಹೇಳಿ.

ಉತ್ತರ: ಮಕ್ಕಳು ರಸ್ತೆಯಲ್ಲಿ ಕ್ರಿಕೆಟ್ ಆಡುವ ಟೆನ್ನಿಸ್ ಬಾಲ್ ಒಂದು ತಗೊಳ್ಳಿ. ಹಳೆ ಸಾಕ್ಸ್ ಒಳಗೆ ಹಾಕಿ, ಬಾಯಿ ಹಿಡಿದುಕೊಂಡರೆ ಜಾರಿ ಬೀಳುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಕುಂಡಿಯ ಮಾಂಸದ ಭಾಗಕ್ಕೂ ಗೋಡೆಗೂ ನಡುವೆ ಅದನ್ನಿಡಿ. ಮಂಡಿ ಸ್ವಲ್ಪ ಬಗ್ಗಿಸಿ ಮೇಲೆ ಕೆಳಗೆ ಆಡಿ. ಹೆಚ್ಚು ನೋಯುವ ಜಾಗದಲ್ಲಿ ಅರ್ಧ ನಿಮಿಷ ನಿಲ್ಲಿ. ನೆಲದ ಮೇಲೆ ಮಲಗಿ ಮಾಡಿದರೆ ಭಾರ ಪೂರ್ತಿ ಬೀಳುತ್ತದೆ, ಶುರುವಿಗೆ ಅದು ಬೇಡ. ಬೆನ್ನುಮೂಳೆಯ ಮೇಲೆ ಬಾಲ್ ಇಡಬೇಡಿ.

ಅದಕ್ಕಿಂತ ಮುಂಚೆ ಹಿಂದಿನ ಜೇಬಿನ ಪರ್ಸ್ ತೆಗೆದು ಡ್ಯಾಶ್‌ಬೋರ್ಡ್‌ನಲ್ಲಿಡಿ. ಬಲಗಡೆ ಜೇಬಿನಲ್ಲೇ ಇಡ್ತೀರಿ ಅಲ್ವಾ? ಅದರ ಮೇಲೆ ದಿನವಿಡೀ ಕೂತರೆ ಆ ಕಡೆ ಹಿಡಿಯುವುದರಲ್ಲಿ ಆಶ್ಚರ್ಯ ಇಲ್ಲ. ಒಂದು ಟ್ರಿಪ್ ಮುಗಿದು ಇನ್ನೊಂದು ಬರುವ ತನಕ ಸೀಟಲ್ಲೇ ಮೊಬೈಲ್ ನೋಡದೆ ಇಳಿದು ಗಾಡಿ ಸುತ್ತ ಎರಡು ಸುತ್ತು ಹಾಕಿ.

ನೋವು ಮಂಡಿಯಿಂದ ಕೆಳಗೆ ಇಳಿದರೆ, ಪಾದ ಜೋಮು ಹಿಡಿದರೆ ಬಾಲ್ ಬಿಟ್ಟು ಡಾಕ್ಟರಿಗೆ ತೋರಿಸಿ. ಕುಳಿತುಕೊಳ್ಳುವ ಜಾಗವೇ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದೆ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ. ಗಾಡಿ ಬೇರೆಯವರು ಓಡಿಸಲಿ.