ಸಾಫ್ಟ್‌ನರ್ ಹಾಕಿಸಿದರೂ ಫ್ಲೋರೈಡ್ ಹೋಗಲಿಲ್ಲ, ಏಕೆ?

ಪ್ರಶ್ನೆ: ನಮ್ಮ ಕೊಳವೆಬಾವಿ ನೀರು ತುಂಬ ಗಡಸು. ಸಾಫ್ಟ್‌ನರ್ ಹಾಕಿಸಿದ ಮೇಲೆ ಸೋಪು ಚೆನ್ನಾಗಿ ನೊರೆ ಕೊಡುತ್ತಿದೆ. ಆದರೆ ಪರೀಕ್ಷೆಯಲ್ಲಿ ಫ್ಲೋರೈಡ್ ಮೊದಲಿನಂತೆ ಲೀಟರಿಗೆ 2.4 ಮಿ.ಗ್ರಾಂ ಬಂದಿದೆ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣಾಂಶ) ಕೂಡ ಇಳಿದಿಲ್ಲ. ಯಂತ್ರ ಕೆಟ್ಟಿದೆಯೇ?
– ಓದುಗರೊಬ್ಬರು, ಪಾವಗಡ

ಉತ್ತರ: ಯಂತ್ರ ಕೆಟ್ಟಿಲ್ಲ. ಅದು ಹಿಡಿಯುವುದು ಧನ ಅಯಾನುಗಳನ್ನು ಮಾತ್ರ. ಫ್ಲೋರೈಡ್ ಋಣ ಅಯಾನು.

ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡರೆ ಧನ ಅಯಾನು, ಪಡೆದುಕೊಂಡರೆ ಋಣ ಅಯಾನು. ಕ್ಯಾಲ್ಸಿಯಂನಲ್ಲಿ 20 ಪ್ರೋಟಾನುಗಳಿವೆ. ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು 18 ಉಳಿದಾಗ ಅದರ ಆವೇಶ +2. ಫ್ಲೋರಿನ್‌ನಲ್ಲಿ 9 ಪ್ರೋಟಾನು; ಒಂದು ಎಲೆಕ್ಟ್ರಾನ್ ಸೇರಿ 10 ಆದಾಗ ಆವೇಶ –1. ಪ್ರೋಟಾನುಗಳ ಸಂಖ್ಯೆ ಎಲ್ಲೂ ಬದಲಾಗುವುದಿಲ್ಲ. ಧನ ಅಯಾನಿನಲ್ಲಿ ಪ್ರೋಟಾನು ಹೆಚ್ಚಿತು ಎಂದು ಬರೆಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಸಾಫ್ಟ್‌ನರ್‌ನ ರಾಳದ ಮಣಿಗಳಲ್ಲಿ ಋಣಾವೇಶದ ಸಲ್ಫೋನೇಟ್ ಗುಂಪುಗಳು ಕದಲದಂತೆ ಕೂತಿರುತ್ತವೆ. ಅವಕ್ಕೆ ಸೋಡಿಯಂ ಅಂಟಿಕೊಂಡಿರುತ್ತದೆ. ಗಡಸು ನೀರು ಹರಿದಾಗ ಗಡಸುತನಕ್ಕೆ ಕಾರಣವಾದ ಒಂದು ಕ್ಯಾಲ್ಸಿಯಂ ಒಳಸೇರಿ ಎರಡು ಸೋಡಿಯಂ ಹೊರಬೀಳುತ್ತವೆ. ಫ್ಲೋರೈಡನ್ನು ಆ ಮಣಿ ವಿಕರ್ಷಿಸುತ್ತದೆ. ತೂಕದಲ್ಲಿ 40 ಗ್ರಾಂ ಕ್ಯಾಲ್ಸಿಯಂ ಹೋದರೆ 46 ಗ್ರಾಂ ಸೋಡಿಯಂ ಬರುವುದರಿಂದ ಟಿಡಿಎಸ್ ಇಳಿಯುವುದೂ ಇಲ್ಲ. ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 500 ಮಿ.ಗ್ರಾಂ ಇದ್ದ ನೀರನ್ನು ಪೂರ್ತಿ ಮೆದುಗೊಳಿಸಿದರೆ ಲೀಟರಿಗೆ ಸುಮಾರು 230 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರು ಅದನ್ನು ಹಾಗೇ ಕುಡಿಯದಿರುವುದು ಒಳಿತು.

ರಾಳದಲ್ಲಿ ಕ್ಯಾಲ್ಸಿಯಂ ತುಂಬಿದಾಗ ಸುಮಾರು ಶೇ. 10ರ ಉಪ್ಪುನೀರನ್ನು ಅರ್ಧ ಗಂಟೆ ನಿಧಾನವಾಗಿ ಹಾಯಿಸಬೇಕು. ಕ್ಯಾಲ್ಸಿಯಂನ ಹಿಡಿತ ಬಿಗಿ. ಸೋಡಿಯಂ ಗೆಲ್ಲುವುದು ಸಂಖ್ಯಾಬಲದಿಂದ ಮಾತ್ರ. ಉಪ್ಪುನೀರು ತೆಳುವಾದರೆ ಮರುದಿನವೇ ಗಡಸುತನ ಮರಳುತ್ತದೆ. ನೀರಿನಲ್ಲಿ ಕಬ್ಬಿಣವಿದ್ದರೆ ಅದು ತುಕ್ಕಾಗಿ ಮಣಿಗೆ ಮೆತ್ತಿಕೊಳ್ಳುತ್ತದೆ, ಉಪ್ಪಿಗೆ ಬಿಡುವುದಿಲ್ಲ. ಅಂಥ ಕಡೆ ಮೊದಲೇ ಕಬ್ಬಿಣದ ಫಿಲ್ಟರ್ ಬೇಕು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದಾಗ 1.5ರವರೆಗೆ ಭಾರತೀಯ ಮಾನಕ ಒಪ್ಪುತ್ತದೆ. ನಿಮ್ಮದು ಅದನ್ನೂ ದಾಟಿದೆ, ತಡಮಾಡಬೇಡಿ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಫ್ಲೋರೈಡ್ ತೆಗೆಯಲು ಬಳಸುವ ಸಕ್ರಿಯ ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡಿನ ರಂಧ್ರಮಯ ಕಾಳುಗಳ) ಮೇಲ್ಮೈ ತುಸು ಆಮ್ಲೀಯ ನೀರಿನಲ್ಲಿ ಧನಾವೇಶ ಪಡೆದು ಫ್ಲೋರೈಡನ್ನು ಹಿಡಿಯುತ್ತದೆ. ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲೀಯ) 5.5ರ ಆಸುಪಾಸು ಉತ್ತಮ. 8 ದಾಟಿದ ನೀರಿನಲ್ಲಿ ಬೇಗ ಸೋಲುತ್ತದೆ. ಸೋತದ್ದು ರುಚಿಯಿಂದ ತಿಳಿಯದು, ಆಗಾಗ ಪರೀಕ್ಷೆ ಮಾಡಿಸಲೇಬೇಕು. ಅಡುಗೆಮನೆಗೆ ಆರ್‌ಒ (ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ಯಂತ್ರ) ಆದರೆ ಎರಡೂ ಬಗೆಯ ಅಯಾನುಗಳನ್ನು ತಡೆಯುತ್ತದೆ. ಆದರೆ ಅದು ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ. ಅದನ್ನು ದನಕರುಗಳಿಗೆ ಕುಡಿಸಬೇಡಿ.