ಒಎಂವಿಎಸ್‌ನ್ಯಾಗ ಓಡೋ ಸ್ಕ್ರಿಪ್ಟ್ ಬ್ಯಾಚ್ ಜಾಬ್‌ನ್ಯಾಗ ‘ನಾಟ್ ಫೌಂಡ್’ ಅನ್ನೋದ್ಯಾಕ?

ಹುಬ್ಬಳ್ಳ್ಯಾಗ ಕುಂತು ಒಎಂವಿಎಸ್‌ಗೆ (ಐಬಿಎಂ ಮೇನ್‌ಫ್ರೇಮ್‌ನ್ಯಾಗಿನ ಯುನಿಕ್ಸ್ ಶೆಲ್, ಅಂದ್ರ ಕಮಾಂಡ್ ಓಡಿಸೋ ಪ್ರೋಗ್ರಾಂ) ಲಾಗಿನ್ ಆಗಿ ಸ್ಕ್ರಿಪ್ಟ್ ಓಡಿಸಿದ್ರ ಜಾವಾ ಸಿಗ್ತದ, ಅದೇ ಸ್ಕ್ರಿಪ್ಟ್ ರಾತ್ರಿ ಬಿಪಿಎಕ್ಸ್‌ಬ್ಯಾಚ್‌ನ್ಯಾಗ (ಬ್ಯಾಚ್ ಜಾಬ್‌ನಿಂದ ಯುನಿಕ್ಸ್ ಸ್ಕ್ರಿಪ್ಟ್ ಓಡಿಸೋ ಪ್ರೋಗ್ರಾಂ) ‘ಎಫ್‌ಎಸ್‌ಯುಎಂ7351 ನಾಟ್ ಫೌಂಡ್’ ಅಂತದ ಅಂತ ಕೇಳೀರಿ. ಜಾವಾ ಎಲ್ಲೂ ಹೋಗಿಲ್ರಿ. ಶೆಲ್‌ಗೆ ದಾರಿ ಗೊತ್ತಿಲ್ಲ, ಅಷ್ಟ.

ದುರ್ಗದ ಬೈಲಿನ್ಯಾಗ ಒಂದೊಂದ ಅಂಗಡಿ ಕೇಳಿಕೋತ ಹೋದಂಗ, ಶೆಲ್ ಕಮಾಂಡ್ ಹುಡುಕಾಕ ‘ಪಾತ್’ ಅನ್ನೋ ಪಟ್ಟಿಯೊಳಗಿನ ಡೈರೆಕ್ಟರಿಗಳನ್ನ ಎಡದಿಂದ ಸಾಲಾಗಿ ಹುಡುಕ್ತದ. ನೀವು ಲಾಗಿನ್ ಆದಾಗ ‘/ಇಟಿಸಿ/ಪ್ರೊಫೈಲ್’, ಆಮ್ಯಾಲೆ ನಿಮ್ಮ ಹೋಮ್‌ನ ‘.ಪ್ರೊಫೈಲ್’ ಓಡಿ ಪಾತ್ ತುಂಬತದ. ಜೆಸಿಎಲ್‌ನ್ಯಾಗ (ಬ್ಯಾಚ್ ಜಾಬ್ ಬರಿಯೋ ಭಾಷೆ) ಬಿಪಿಎಕ್ಸ್‌ಬ್ಯಾಚ್‌ಗೆ ‘ಪಿಜಿಎಂ’ ಅಂತ ಬರದ್ರ ಲಾಗಿನ್ ಶೆಲ್ ಏಳೂದಿಲ್ಲ, ಇವೆರಡೂ ಓಡೂದಿಲ್ಲ. ‘ಎಸ್‌ಎಚ್’ ಅಂತ ಬರದ್ರ ಓಡ್ತಾವ. ಮೊದಲ ಅದನ್ನ ಬದಲಿಸಿ ನೋಡ್ರಿ.

‘ಪಿಜಿಎಂ’ ಬಿಡಾಕ ಆಗೂದಿಲ್ಲಂದ್ರ ‘ಎಸ್‌ಟಿಡಿಇಎನ್‌ವಿ’ ಡಿಡಿಯೊಳಗ (ಪಾತ್‌ನಂಥ ಬೆಲೆಗಳನ್ನ ಜಾಬ್‌ಗೆ ಕೊಡೋ ಜೆಸಿಎಲ್ ಸಾಲು) ಪಾತ್ ಕೊಡಬಹುದು. ಆದ್ರ ಅಲ್ಲಿ ಹಳೇ ಪಾತ್ ಬರಲಿ ಅಂತ ‘ಡಾಲರ್ ಪಾತ್’ ಬರದ್ರ ಹಂಗ ಅಕ್ಷರವಾಗಿ ಉಳೀತದ, ಬಿಚ್ಚಿಕೊಳ್ಳೂದಿಲ್ಲ, ಪೂರ್ತಿ ಬರೀರಿ. 73ರಿಂದ 80ನೇ ಕಾಲಂನ್ಯಾಗ ಸಾಲಿನ ನಂಬರ್ ಇದ್ರ ಅದೂ ಬೆಲೆಯೊಳಗ ಸೇರ್ಕೋತದ. ಎಷ್ಟ ಕಣ್ಣು ಕೀಲಿಸಿ ನೋಡಿದ್ರೂ ಪಾತ್ ಸರಿನ ಕಾಣ್ತದ, ಜಾಬ್ ಮಾತ್ರ ಬೀಳ್ತದ. ಎಡಿಟರ್‌ನ್ಯಾಗ ಸಾಲಿನ ನಂಬರ್ ತಗಿಯೋ ‘ಅನ್‌ನಂ’ ಕಮಾಂಡ್ ಕೊಟ್ಟು ಸೇವ್ ಮಾಡ್ರಿ.

ನನಗ ಕೇಳಿದ್ರ, ಸ್ಕ್ರಿಪ್ಟಿನ ತಲಿಯೊಳಗ ಪಾತ್ ಬರದು ‘ಎಕ್ಸ್‌ಪೋರ್ಟ್’ ಮಾಡೂದ ಚಲೋ. ಯಾರ ಐಡಿಯಿಂದ ಓಡಿದ್ರೂ ತಕರಾರಿಲ್ಲ. ಹೊಸಾ ಡೈರೆಕ್ಟರಿ ಸೇರಸೂಮುಂದ ಹಳೇ ಪಾತ್ ಅಳಿಸಬ್ಯಾಡ್ರಿ, ‘/ಬಿನ್’ ಹೋದ್ರ ಫೈಲ್ ಪಟ್ಟಿ ತೋರಸೋ ‘ಎಲ್‌ಎಸ್’ ಸೈತ ಸಿಗೂದಿಲ್ಲ.